ಪೂಜೆಗೆ ಕೂತ ಕೆಂಪು ಸಿಲಿಂಡರ್

ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮೈಮೇಲೆ ವಿಭೂತಿಯ ಪಟ್ಟೆ ಕಂಡರೆ ಇವತ್ತಿಗೂ ನನಗೆ ಪಿತ್ತ ನೆತ್ತಿಗೇರುತ್ತದೆ. ಬ್ಯಾಂಕು, ದವಾಖಾನೆ, ಕಲ್ಯಾಣ ಮಂಟಪ, ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಅದನ್ನೇ. ಗೋಡೆಯ ಮೇಲೆ ಇದೆಯೋ, ಅದರ ಎದುರಿಗೆ ಕುರ್ಚಿ ಒಟ್ಟಿದ್ದಾರೋ, ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೋ ಎಂದು ನೋಡದೆ ನಾನು ಕೂರುವುದಿಲ್ಲ. ಮದುವೆಗೆ ಕರೆದುಕೊಂಡು ಹೋದರೆ ಹೆಣ್ಣಿನ ಸೀರೆ ನೋಡುವುದು ಬಿಟ್ಟು ಗೋಡೆ ನೋಡುತ್ತಾಳೆ ಎಂದು ಮನೆಯವರು ಗೇಲಿ ಮಾಡುತ್ತಾರೆ. ಮಾಡಲಿ. ಈ ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದಲ್ಲ. ಒಬ್ಬ ಮನುಷ್ಯನ ಬಲಗೈ ಕಣ್ಣೆದುರಿಗೇ ಹೋದ ಮೇಲೆ ಬಂದದ್ದು.

ಗದಗ ಆಗತಾನೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಯಿಂದ ಉಳಿದವರಿಗೆ ಏನು ಬಂತೋ ಗೊತ್ತಿಲ್ಲ, ನಮ್ಮ ಊರಿನ ಪ್ರಿಂಟಿಂಗ್ ಪ್ರೆಸ್ಸುಗಳಿಗಂತೂ ಸುಗ್ಗಿ ಬಂತು. ನಿನ್ನೆಯವರೆಗೆ ಎಲ್ಲ ಕಾಗದದ ತಲೆಯ ಮೇಲೆ ‘ಧಾರವಾಡ ಜಿಲ್ಲೆ’ ಎಂದಿತ್ತು. ಈಗ ಶಾಲೆಗೆ, ಸೊಸೈಟಿಗೆ, ಕಿರಾಣಿ ಅಂಗಡಿಗೆ, ಮಠಕ್ಕೆ, ಎಲ್ಲರಿಗೂ ‘ಗದಗ ಜಿಲ್ಲೆ’ ಎಂದು ಹೊಸ ಕಾಗದ ಬೇಕಾಯಿತು. ಮುಂಡರಗಿಯ ಕಾಳಿನ ವ್ಯಾಪಾರಿ ಬಿಲ್ ಬುಕ್ಕಿಗೆ ಬಂದು ಕೂತರೆ, ಅವನ ಪಕ್ಕದಲ್ಲಿ ಶಿರಹಟ್ಟಿಯ ಶಾಲೆಯ ಮಾಸ್ತರರು ಪಾವತಿ ಪುಸ್ತಕಕ್ಕೆ ಕೂತಿರುತ್ತಿದ್ದರು. ಲಕ್ಷ್ಮೇಶ್ವರದವರು ಮದುವೆ ಕಾರ್ಡಿನ ಮೇಲೂ ಹೊಸ ಜಿಲ್ಲೆಯ ಹೆಸರು ದಪ್ಪ ಅಕ್ಷರದಲ್ಲಿ ಬರಬೇಕೆಂದು ಹಟ ಹಿಡಿಯುತ್ತಿದ್ದರು. ನಮ್ಮ ಮಾಲಕರು ಯಾರಿಗೂ ಆಗುವುದಿಲ್ಲ ಎನ್ನುತ್ತಿರಲಿಲ್ಲ.

ನಾನು ಬೆಟಗೇರಿಯ ನೇಕಾರರ ಮನೆಯ ಮಗಳು. ಪಿಯುಸಿ ವಿಜ್ಞಾನವನ್ನು ಅರ್ಧಕ್ಕೆ ಬಿಟ್ಟು ಆ ಪ್ರೆಸ್ಸಿಗೆ ಬೈಂಡಿಂಗ್ ಕೆಲಸಕ್ಕೆ ಸೇರಿದ್ದೆ. ಹಾಳೆ ಮಡಚುವುದು, ಹೊಲಿಯುವುದು, ಅಂಟು ಹಚ್ಚುವುದು. ಕಾಗುಣಿತದ ತಪ್ಪು ಕಂಡರೆ ನಾನು ಸುಮ್ಮನಿರುವುದಿಲ್ಲ ಎಂದು ಗೊತ್ತಾದ ಮೇಲೆ ಪ್ರೂಫ್ ತಿದ್ದುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು. ಪ್ರೆಸ್ಸು ಎಂದರೆ ರೈಲು ಡಬ್ಬಿಯಂಥ ಉದ್ದನೆಯ ಒಂದೇ ಕೋಣೆ. ಬೀದಿಯ ಬಾಗಿಲ ಹತ್ತಿರ ಮಾಲಕರ ಮೇಜು, ನಡುವೆ ಮಿಷನ್ನು, ಹಿಂದಿನ ಗೋಡೆಗೆ ಚಾಪೆ ಹಾಸಿಕೊಂಡು ಬೈಂಡಿಂಗಿನ ಹೆಂಗಸರಾದ ನಾವು. ನಮ್ಮ ಬೆನ್ನಿಗೆ ಒಂದು ಹಿತ್ತಿಲ ಬಾಗಿಲಿತ್ತು. ಇತ್ತು ಎಂದಷ್ಟೇ ಹೇಳಬೇಕು, ಏಕೆಂದರೆ ಅದರ ಎದುರಿಗೆ ಕಾಗದದ ರೀಮುಗಳನ್ನು ಮೇಲಿನವರೆಗೆ ಒಟ್ಟಿದ್ದರು.

ಜಿಲ್ಲೆಯಾದದ್ದರಿಂದ ಇನ್ನೊಂದು ಬದಲಾವಣೆ ಆಗಿತ್ತು. ಮೊದಲು ಸಾಹೇಬರುಗಳೆಲ್ಲ ಧಾರವಾಡದಲ್ಲಿದ್ದರು, ಅವರು ಬರಬೇಕಾದರೆ ರೈಲೋ ಬಸ್ಸೋ ಹತ್ತಬೇಕಿತ್ತು. ಈಗ ನಾಲ್ಕು ಓಣಿ ದಾಟಿದರೆ ಅವರ ಕಚೇರಿ. ಒಂದು ದಿನ ಯಾರೋ ಬಂದು, ಇಷ್ಟೊಂದು ಕಾಗದ, ಎಣ್ಣೆ ಇರುವ ಕಡೆ ಬೆಂಕಿ ಆರಿಸುವ ಸಿಲಿಂಡರ್ ಇಲ್ಲವೇ ಎಂದು ಕೇಳಿ ಹೋದರು. ಮಾಲಕರು ಮರುದಿನವೇ ಒಂದನ್ನು ತಂದು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದರು. ಒಂದು ವಾರದಲ್ಲಿ ಅದರ ಹಿಡಿಕೆಗೆ ಅವರ ಕೊಡೆ ಜೋತುಬಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಮೇಲೆ ಒಂದು ಕ್ಯಾಲೆಂಡರೂ ಬಂತು.

ಅದರ ಮೈಮೇಲೆ ಹೇಗೆ ಬಳಸಬೇಕೆಂದು ಚಿತ್ರದ ಸಮೇತ ಅಚ್ಚು ಹಾಕಿದ್ದರು. ಪಿನ್ನು ಎಳೆಯಿರಿ, ಬೆಂಕಿಯ ಬುಡಕ್ಕೆ ಹಿಡಿಯಿರಿ, ಹಿಡಿಕೆ ಒತ್ತಿರಿ. ನಾನು ಅದನ್ನು ಓದಿದ್ದು ಜಾಣತನದಿಂದಲ್ಲ, ಅಚ್ಚಾದದ್ದು ಏನು ಕಂಡರೂ ತಪ್ಪು ಹುಡುಕುವ ಚಟದಿಂದ. ಊರಿಗೆಲ್ಲ ಓದಲು ಅಚ್ಚು ಹಾಕಿ ಕೊಡುವ ಆ ಮನೆಯಲ್ಲಿ ಆ ಒಂದು ಅಚ್ಚನ್ನು ಬೇರೆ ಯಾರೂ ಓದಲಿಲ್ಲ. ‘ಇದನ್ನು ಎಲ್ಲರಿಗೂ ಒಂದು ಸಲ ತೋರಿಸಿರಿ’ ಎಂದು ಮಾಲಕರಿಗೆ ಹೇಳಿದೆ.

“ಸಾಹೇಬರಿಗೆ ತೋರ್ಸಾಕ ತಂದದ್ದವ್ವಾ ಅದು, ಅವ್ರಿಗೆ ತೋರ್ಸೀನಿ, ಆತು” ಎಂದರು ಅವರು.

ಮಿಷನ್ನು ನಡೆಸುತ್ತಿದ್ದವರು ಮುಳಗುಂದದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಸಾಬರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಅದು ಕಾಲಿನಿಂದ ತುಳಿದು ನಡೆಸುವ ಹಳೆಯ ಟ್ರೆಡಲ್. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ತೆರೆದಾಗ ಬಲಗೈಯಿಂದ ಖಾಲಿ ಹಾಳೆ ಇಡಬೇಕು, ಎಡಗೈಯಿಂದ ಅಚ್ಚಾದ ಹಾಳೆ ತೆಗೆಯಬೇಕು, ಮುಚ್ಚುವುದರೊಳಗೆ ಎರಡೂ ಕೈ ಹೊರಗಿರಬೇಕು. ಆ ಬಾಯಿಗೆ ಬೆರಳು ಕೊಟ್ಟವರು ನಮ್ಮೂರಿನ ಪ್ರೆಸ್ಸುಗಳಲ್ಲಿ ಬೇಕಾದಷ್ಟು ಜನ ಇದ್ದರು. ಚಾಚಾನ ಬೆರಳುಗಳೆಲ್ಲ ಇದ್ದವು, ಅವರಿಗೆ ಅದರದ್ದೇ ಹೆಮ್ಮೆ. ಮಾತಾಡುತ್ತ, ನಮ್ಮನ್ನು ಕಾಡಿಸುತ್ತ, ಮಿಷನ್ನಿನ ಕಡೆ ನೋಡದೆಯೇ ಹಾಳೆ ಇಡುತ್ತಿದ್ದರು. ಎರಡು ಹಾಳೆ ಅಂಟಿಕೊಂಡಿದ್ದರೆ ಬೆರಳ ತುದಿಗೇ ತಿಳಿಯುತ್ತಿತ್ತು, ಒಂದನ್ನು ಹೆಬ್ಬೆರಳಿನಿಂದ ಹಿಂದೆ ಸರಿಸಿ ಇನ್ನೊಂದನ್ನು ಒಳಗೆ ಬಿಡುತ್ತಿದ್ದರು. ತಾಳ ತಪ್ಪುತ್ತಿರಲಿಲ್ಲ.

“ಇಷ್ಟು ವರ್ಸ ಇದರ ಬಾಯಾಗ ಕೈ ಕೊಟ್ಟೀನಿ, ಒಂದು ಬೆರಳು ಬೇಡಿಲ್ಲ ನೋಡವ್ವಾ ಇದು” ಎಂದು ಮಿಷನ್ನಿನ ಮೈ ತಟ್ಟುತ್ತಿದ್ದರು.

ಇನ್ನು ಖಂಡೇಪೂಜೆಯ, ಅಂದರೆ ಆಯುಧಪೂಜೆಯ ಮಾತು. ಆ ಹಬ್ಬದ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ನೆಲದೊಳಗೆ ಕುಣಿ ತೋಡಿ ಕೂರಿಸಿದ ಮಗ್ಗವಿತ್ತು. ಮಹಾನವಮಿಯ ದಿನ ಅಪ್ಪ ಮಗ್ಗ ಒರೆಸಿ, ಲಾಳಿ, ಕತ್ತರಿ, ರಾಟೆ ಎಲ್ಲವನ್ನೂ ಸಾಲಾಗಿ ಇಟ್ಟು ಪೂಜೆ ಮಾಡಿದರೆ, ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ಹೂ ಕಟ್ಟುವ ದಾರ ತುಂಡು ಮಾಡಲು ಕತ್ತರಿ ಕೇಳಿದರೆ ಅವ್ವ “ಹಲ್ಲಿಲೆ ಕಡಿ” ಎನ್ನುತ್ತಿದ್ದಳು. ವರ್ಷವೆಲ್ಲ ದುಡಿದ ಸಾಮಾನಿಗೆ ಒಂದು ದಿನ ವಿಶ್ರಾಂತಿ. ಆ ಒಂದು ದಿನ ಅಪ್ಪನ ಕಾಲೂ ಕುಣಿಯಿಂದ ಮೇಲೆ ಇರುತ್ತಿತ್ತು, ನಮ್ಮ ಜೊತೆ ಕೂತು ಚುರುಮುರಿ ತಿನ್ನುತ್ತಿದ್ದರು. ಇದರಲ್ಲಿ ತಪ್ಪು ಹುಡುಕುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ.

ಪ್ರೆಸ್ಸಿನಲ್ಲೂ ಹಾಗೆಯೇ ನಡೆಯುತ್ತಿತ್ತು. ಮಿಷನ್ನು ತೊಳೆಯುವವರು ಚಾಚಾ, ಅದಕ್ಕೆ ಮೊದಲ ಮಾಲೆ ಹಾಕುವವರೂ ಚಾಚಾ. ತಲೆಗೆ ಕರವಸ್ತ್ರ ಕಟ್ಟಿಕೊಂಡು ಬಂದು ನಿಲ್ಲುತ್ತಿದ್ದರು. “ಮಿಷನ್ನು ಅಂವಂದ ಐತಿ, ಅಂವನ ಕೈಲೆ ಹಾಕಸ್ರಿ” ಎಂದು ಮಾಲಕರ ತಾಯಿ ಹೇಳುತ್ತಿದ್ದರು. ಆ ಅವ್ವಾರು ವರ್ಷಕ್ಕೊಮ್ಮೆ ಅದೇ ಪೂಜೆಗೆ ಪ್ರೆಸ್ಸಿಗೆ ಬರುತ್ತಿದ್ದರು, ಬಂದರೆ ಎಲ್ಲವೂ ಅವರ ಮಾತಿನಂತೆಯೇ ನಡೆಯಬೇಕು.

ಆ ವರ್ಷ ಕೆಲಸ ಚೆನ್ನಾಗಿ ಆಗಿತ್ತಲ್ಲ, ಮಾಲಕರಿಗೆ ಪೂಜೆ ಜೋರಾಗಿ ಆಗಬೇಕಿತ್ತು. ಹೊಸ ಕಚೇರಿಗಳ ಜನರನ್ನು ಕರೆದಿದ್ದರು. ದಿನಾ ಸಂಜೆ ಮಿಷನ್ನು ಒರೆಸುವುದು ಚಿಮಣಿ ಎಣ್ಣೆಯಿಂದ, ಅಂದರೆ ಸೀಮೆಎಣ್ಣೆಯಿಂದ. ಹಬ್ಬಕ್ಕೆ ಅದು ಸಾಲದಾಯಿತು, ಚಿಮಣಿ ಎಣ್ಣೆಯಲ್ಲಿ ಹೊಳಪು ಬರುವುದಿಲ್ಲ, ವಾಸನೆ ಬೇರೆ. ಕ್ಯಾನಿನಲ್ಲಿ ಪೆಟ್ರೋಲು ತರಿಸಿದರು. ಚಾಚಾ ಮಧ್ಯಾಹ್ನವೆಲ್ಲ ಕೂತು ಹಲ್ಲುಹಲ್ಲಿನ ಸಂದಿಗೂ ಪೆಟ್ರೋಲಿನ ಚಿಂದಿ ಹಾಕಿ ತಿಕ್ಕಿದರು. ಕಪ್ಪು ಶಾಯಿ ಕುಡಿದು, ಪೆಟ್ರೋಲು ಕುಡಿದು, ಆ ಚಿಂದಿಯೆಲ್ಲ ಒಂದು ಎಣ್ಣೆ ಡಬ್ಬಿಯ ತುಂಬ ಆಯಿತು. ಡಬ್ಬಿಗೆ ಮುಚ್ಚಳವಿರಲಿಲ್ಲ. ಚಾಚಾ ಅದನ್ನು ಹೊರಗೆ ಒಯ್ಯಲು ಎತ್ತಿದರು.

“ಅದನ್ನೆಲ್ಲಿ ಒಯ್ತಿ ಈಗ, ಬಾಗಲಾಗ ಮಂದಿ ಬರಾಕತ್ತಾರ” ಎಂದರು ಮಾಲಕರು. “ಮಿಷನ್ನಿನ ಹಿಂದ ಸರಿಸು. ಬಟ್ಟಿ ಮುಚ್ಚಿದ್ರ ಕಾಣೂದಿಲ್ಲ.”

ಚಾಚಾ ಸರಿಸಿದರು. ಮಿಷನ್ನಿನ ಕೆಳಭಾಗಕ್ಕೆ ಜರಿಯ ಅಂಚಿನ ಬಟ್ಟೆ ಇಳಿಬಿಟ್ಟರು. ಡಬ್ಬಿ ಕಾಣದಾಯಿತು, ವಾಸನೆ ಮಾತ್ರ ಎಲ್ಲ ಕಡೆ ಇತ್ತು. ನಾನು ಎದ್ದು ಕಿಟಕಿ ತೆಗೆದೆ. ಮಾಲಕರು ಬಂದು ಮುಚ್ಚಿದರು. ನಾನು ಮತ್ತೆ ತೆಗೆದೆ.

“ಏನವ್ವಾ ನಿಂದು? ದೀಪ ಆರ್ತಾವು” ಎಂದರು.

“ದೀಪ ಹಚ್ಚೂದಕ್ಕ ಹೇಳಾಕತ್ತೀನ್ರಿ. ಪೆಟ್ರೋಲು ಇನ್ನೂ ಹಾರಿಲ್ಲ. ಅದರ ಗಾಳಿ ನೆಲಾ ಹಿಡದು ಹರದಾಡತೈತ್ರಿ. ಪೂಜಿ ಒಂದು ತಾಸು ತಡಾ ಮಾಡ್ರಿ.”

“ಪಿಯುಸಿ ಪಾಸ್ ಆಗಿದ್ರ ಇನ್ನೂ ಏನೇನ ಹೇಳತಿದ್ದಿ” ಎಂದು ಅವರು ನಕ್ಕರು. ಬಂದ ಅತಿಥಿಗಳೂ ನಕ್ಕರು. ಕಿಟಕಿ ಮುಚ್ಚಿತು.

ಆಮೇಲೆ ನಾನು ನೋಡಿದ್ದು ಪೂಜೆಯ ಮೇಜನ್ನು. ನಮ್ಮ ಚಾಪೆಗಳ ಪಕ್ಕದಲ್ಲೇ ಅದನ್ನು ಹಾಕಿದ್ದರು. ಅಚ್ಚಿನ ಮೊಳೆಗಳ ಪೆಟ್ಟಿಗೆ, ಕತ್ತರಿ, ದಬ್ಬಳ, ಅಳತೆ ಪಟ್ಟಿ, ಹೊಲಿಗೆ ಸೂಜಿಗಳು. ಅವುಗಳ ನಡುವೆ, ಕೊಡೆ ಕಳಚಿ, ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡು ಹೂವಿನ ಮಾಲೆ ಹಾಕಿ ಕೂರಿಸಿದ್ದರು ಆ ಕೆಂಪು ಸಿಲಿಂಡರನ್ನು. ಅದರ ಪಿನ್ನಿಗೆ ಅರಿಶಿಣದ ದಾರವನ್ನು ಸುತ್ತಿ ಗಂಟು ಹಾಕಿದ್ದರು. ಹೊಸ ಸಾಮಾನು, ನೋಡಲು ಲಕ್ಷಣವಾಗಿದೆ, ಪೂಜೆಗೆ ಇರಲಿ ಎಂದು ಅವ್ವಾರೇ ಹೇಳಿದ್ದರಂತೆ. ದುಡಿಯುವ ಸಾಮಾನಿಗೆ ಒಂದು ದಿನ ರಜೆ ಕೊಡುವುದು ಸರಿ. ಇದು ಬಂದ ದಿನದಿಂದ ಸುಮ್ಮನೆ ನೇತಾಡಿಕೊಂಡೇ ಇದ್ದದ್ದು. ಪ್ರೆಸ್ಸಿನೊಳಗೆ ಯಾರಾದರೂ ಬೆಂಕಿ ಹಚ್ಚುವ ದಿನ ಎಂದರೆ ಇದೊಂದೇ, ಇದಕ್ಕೆ ರಜೆ ಕೊಟ್ಟದ್ದೂ ಇದೊಂದೇ ದಿನ.

ಪೂಜೆ ಮೇಜಿನಿಂದ ಶುರುವಾಗಿ ಕೊನೆಗೆ ಮಿಷನ್ನಿಗೆ ಬಂತು. ಚಾಚಾ ಮಾಲೆ ಹಾಕಿ ಪಕ್ಕಕ್ಕೆ ಸರಿದರು. ಟ್ರೆಡಲಿನಲ್ಲಿ ಕಾಲಿಟ್ಟು ತುಳಿಯುವ ಹಲಗೆಗೆ ನಮ್ಮಲ್ಲಿ ಮಿಷನ್ನಿನ ಪಾದ ಎನ್ನುತ್ತಿದ್ದರು, ದೀಪ ಇಡುವುದು ಅಲ್ಲೇ, ನೆಲದ ಮೇಲೆ. ಮಾಲಕರು ಬಗ್ಗಿ ಕರ್ಪೂರದ ತಟ್ಟೆಯನ್ನು ಪಾದದ ಹತ್ತಿರ ಇಟ್ಟು ಕಡ್ಡಿ ಗೀರಿದರು.

ಭಗ್ ಎಂದಿತು. ಕರ್ಪೂರ ಹತ್ತುವುದಕ್ಕೆ ಮೊದಲೇ ನೆಲ ಹತ್ತಿತು. ಮಾಲಕರು ಹಿಂದಕ್ಕೆ ಹಾರಿದರು, ನೀಲಿ ಉರಿ ಬಟ್ಟೆಯ ಕೆಳಗೆ ನುಗ್ಗಿ ಡಬ್ಬಿಯನ್ನು ಹಿಡಿಯಿತು. ಬೀದಿಯ ಬಾಗಿಲ ಕಡೆ ಇದ್ದ ಅತಿಥಿಗಳು ಹೊರಗೆ ಓಡಿದರು. ನಾವು ಹೆಂಗಸರು, ಅವ್ವಾರು, ಹಿಂದಿನ ಗೋಡೆಗೆ ಉಳಿದೆವು. ಬೆಂಕಿ ನಮ್ಮ ಮತ್ತು ಬಾಗಿಲಿನ ನಡುವೆ, ಬೆನ್ನಿಗೆ ಕಾಗದದ ರೀಮು. ಯಾರೋ ಕಳಸದ ನೀರನ್ನೂ, ಕುಡಿಯುವ ಕೊಡದ ನೀರನ್ನೂ ಎತ್ತಿ ಚೆಲ್ಲಿದರು. ನೀರಿನ ಮೇಲೆ ಪೆಟ್ರೋಲು ತೇಲಿ, ಉರಿ ಹರಿದುಕೊಂಡು ನಮ್ಮ ಚಾಪೆಯ ಕಡೆಗೇ ಬಂತು.

ನಾನು ಮೇಜಿಗೆ ಕೈ ಚಾಚಿದೆ. ಅವ್ವಾರು ನನ್ನ ರಟ್ಟೆ ಹಿಡಿದರು.

“ಪೂಜಿಗೆ ಇಟ್ಟದ್ದವ್ವಾ, ಕದಲಸಬಾರದು.”

ಆ ಮುದುಕಿಯನ್ನು ನಾನು ಅರ್ಥ ಮಾಡಿಕೊಂಡಿದ್ದೇನೆ, ಎಷ್ಟೋ ವರ್ಷಗಳ ನಂತರ. ಗಾಬರಿಯಲ್ಲಿ ಬಾಯಿಗೆ ಬರುವುದು ರೂಢಿಯ ಮಾತೇ. ಆದರೆ ಬೀದಿಯಲ್ಲಿ ನಿಂತು ಅವರ ಮಗನೂ “ಏ, ಪೂಜಿದ ಮುಟ್ಟಬ್ಯಾಡ, ನೀರ ತರ್ರಿ, ನೀರ” ಎಂದು ಒದರುತ್ತಿದ್ದರಲ್ಲ, ಸಾಹೇಬರಿಗೆ ತೋರಿಸಲೆಂದು ತಾವೇ ಕೊಂಡು ತಂದ ಸಾಮಾನು ಯಾತಕ್ಕೆ ಇದೆ ಎಂಬುದನ್ನೇ ಮರೆತು, ಅದನ್ನು ನಾನು ಅರ್ಥ ಮಾಡಿಕೊಂಡಿಲ್ಲ. ಮಾಡಿಕೊಳ್ಳುವುದೂ ಇಲ್ಲ.

ನಾನು ರಟ್ಟೆ ಬಿಡಿಸಿಕೊಳ್ಳುವಷ್ಟರಲ್ಲಿ ಚಾಚಾ ಬೆಂಕಿಯೊಳಗೆ ಹೋಗಿದ್ದರು. ಬಾಗಿಲು ಅವರಿಗೆ ಹತ್ತಿರವಿತ್ತು, ಉಳಿದವರಂತೆ ಹೋಗಬಹುದಿತ್ತು. ಬಟ್ಟೆಯನ್ನು ಕಿತ್ತೆಸೆದು, ಉರಿಯುವ ಡಬ್ಬಿಯ ಅಂಚನ್ನು ಬರಿಗೈಯಲ್ಲಿ ಹಿಡಿದು, ನಮ್ಮಿಂದ ದೂರಕ್ಕೆ ಬೀದಿಯ ಕಡೆ ಎಳೆದರು. ಎಳೆದಂತೆ ಅದು ತುಳುಕಿ ಬಲಗೈಯ ಮೇಲೆ ಚೆಲ್ಲಿತು. ಅವರು ಬಿಡಲಿಲ್ಲ. ಹೊಸ್ತಿಲು ದಾಟಿಸಿ ಬೀದಿಯ ಕಲ್ಲಿನ ಮೇಲೆ ಬಿಟ್ಟರು.

ನಾನು ಮಾಲೆಯ ಸಮೇತ ಸಿಲಿಂಡರನ್ನು ಎಳೆದುಕೊಂಡೆ. ದೀಪ, ಹಣ್ಣು, ಮೊಳೆ ಎಲ್ಲ ಚೆಲ್ಲಾಪಿಲ್ಲಿಯಾದವು. ಪಿನ್ನಿಗೆ ಕಟ್ಟಿದ ದಾರ ಬಿಚ್ಚಲು ಬರಲಿಲ್ಲ. ಕತ್ತರಿ ಎಲ್ಲಿ ಬಿತ್ತೋ, ಅವ್ವ ಹೇಳಿದಂತೆ ಹಲ್ಲಿನಿಂದಲೇ ಕಡಿದೆ. ಬುಡಕ್ಕೆ ಹಿಡಿದು ಒತ್ತಿದೆ. ಬಿಳಿ ಪುಡಿ ಬುಸ್ ಎಂದು ಹೊರಟಿತು. ನೆಲದ ಉರಿ ಆರಿತು, ಮಿಷನ್ನಿನ ಉರಿ ಆರಿತು, ಓಡಿ ಹೋಗಿ ಉಳಿದದ್ದನ್ನು ಡಬ್ಬಿಗೆ ಹೊಡೆದೆ, ಅದೂ ಆರಿತು. ಎಷ್ಟು ಹೊತ್ತು ಬೇಕಾಯಿತೆಂದು ಹೇಳಿದರೆ ಇನ್ನೂ ಸಿಟ್ಟು ಬರುತ್ತದೆ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಇಲ್ಲ. ಅಂದರೆ ಅದು ಕೆಲಸ ಮಾಡುತ್ತಿತ್ತು. ಮೊದಲೇ ಕೈಗೆ ಬಂದಿದ್ದರೆ ಯಾರೂ ಯಾವುದಕ್ಕೂ ಕೈ ಹಾಕಬೇಕಿರಲಿಲ್ಲ.

ಹೊರಗೆ ಇನ್ನೊಂದು ಅನಾಹುತ ನಡೆದಿತ್ತು. ಸುಟ್ಟ ಗಾಯಕ್ಕೆ ಶಾಯಿ ಹಚ್ಚಬೇಕು ಎಂದು ನಮ್ಮ ಕಡೆ ಯಾವ ಜನ್ಮದಿಂದಲೋ ಒಂದು ನಂಬಿಕೆ. ಮಕ್ಕಳ ಕೈ ಬಿಸಿ ತಾಗಿದರೆ ಪೆನ್ನಿನ ಶಾಯಿ ಹಚ್ಚುತ್ತಾರೆ. ಇದು ಪ್ರೆಸ್ಸು, ಶಾಯಿಗೇನು ಕಡಿಮೆ. ಒಬ್ಬರು ಕಿಟಕಿಯಲ್ಲಿದ್ದ ಅಚ್ಚಿನ ಶಾಯಿಯ ಡಬ್ಬಿ ತಂದು, ಚಾಚಾನ ಕೈ ಹಿಡಿದು, ಬೆರಳಿನಿಂದ ಮುಂಗೈವರೆಗೆ ಗಟ್ಟಿ ಕಪ್ಪು ಶಾಯಿಯನ್ನು ಬಳಿದಿದ್ದರು. ಪ್ರೀತಿಯಿಂದಲೇ ಬಳಿದಿದ್ದರು. ಬೆಂಕಿಗೆ ಹಾಕಬಾರದ ನೀರನ್ನು ಬೆಂಕಿಗೆ ಹಾಕಿದರು, ಕೈಗೆ ಹಾಕಬೇಕಾಗಿದ್ದ ನೀರನ್ನು ಕೈಗೆ ಹಾಕಲಿಲ್ಲ. ನಾನು ಬೈದ ಬೈಗುಳ ಆ ಓಣಿಗೆ ಇವತ್ತಿಗೂ ನೆನಪಿರಬೇಕು. ದವಾಖಾನೆಯಲ್ಲಿ ಡಾಕ್ಟರು ಆ ಶಾಯಿ ತೆಗೆಯುವಾಗ ಚಾಚಾ ಕೂಗಿದ್ದನ್ನು ನಾನು ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದೆ. ಡಬ್ಬಿ ಎಳೆಯುವಾಗ ಅವರು ಕೂಗಿರಲಿಲ್ಲ.

ಮರುದಿನ ಬನ್ನಿ ಕೊಡುವ ಹಬ್ಬ. ಪ್ರೆಸ್ಸಿನಲ್ಲಿ ಬಿಳಿ ಪುಡಿ ಒರೆಸಿ, ಪೂಜೆ ಭಂಗವಾಯಿತೆಂದು ಮಿಷನ್ನಿಗೆ ಎರಡನೇ ಸಲ ಕಾಯಿ ಒಡೆದರು. ಬಂದವರಿಗೆಲ್ಲ ಮಾಲಕರು ಬಂಗಾರದಂಥ ಬನ್ನಿ ಕೊಟ್ಟು, “ದೇವ್ರು ದೊಡ್ಡಾಂವ್ರಿ, ಮಿಷನ್ನು ಉಳೀತು” ಎನ್ನುತ್ತಿದ್ದರು. ನನ್ನ ಕೈಗೂ ಬನ್ನಿ ಕೊಡಲು ಬಂದರು.

“ಮಿಷನ್ನು ಉಳೀತ್ರಿ. ಕೈ?” ಎಂದೆ.

ಅವರ ಮುಖ ಸಣ್ಣದಾಯಿತು. “ಖರ್ಚೆಲ್ಲ ನಾನ ನೋಡ್ಕೋತೀನಲ್ಲವ್ವಾ” ಎಂದರು. ಅದು ನಿಜ, ಕೊನೆಯವರೆಗೆ ನೋಡಿಕೊಂಡರು, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. “ಅಂವಾ ಆ ಡಬ್ಬಿ ಮಿಷನ್ನಿನ ಹಿಂದ ಇಡಬಾರದಿತ್ತು. ಇಷ್ಟು ವರ್ಸ ಕೆಲಸಾ ಮಾಡಿದ ಮನಶ್ಯಾಗ ಅಷ್ಟು ಖಬರ ಬ್ಯಾಡನು?”

“ಇಡು ಅಂತ ಹೇಳಿದವರು ನೀವು” ಎಂದೆ. ಅತಿಥಿಗಳು ಬನ್ನಿ ಹಿಡಿದುಕೊಂಡು ನಿಂತಿದ್ದರು. “ಹೊರಗ ಒಯ್ಯಾಕ ಎತ್ತಿದ್ರು ಅವ್ರು. ಮಂದಿಗೆ ಕಾಣಬಾರದು ಅಂತ ನೀವ ಮುಚ್ಚಿಸಿದ್ರಿ. ಕಿಡಕಿ ಮುಚ್ಚಿದವ್ರು ನೀವು. ನಿನ್ನೆ ನಕ್ಕವ್ರೆಲ್ಲ ಇಲ್ಲೇ ಅದಾರ, ಕೇಳ್ರಿ ಬೇಕಾದ್ರ.”

ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದುಕೊಂಡೆ. ತೆಗೆಯಲಿಲ್ಲ, ಪ್ರೂಫ್ ತಿದ್ದುವವರು ಬೇಕಿತ್ತು. ಡಬ್ಬಿಯನ್ನು ಚಾಚಾನೇ ಅಲ್ಲಿ ಇಟ್ಟಿದ್ದ ಎಂಬ ಮಾತು ಮಾತ್ರ ಊರಲ್ಲಿ ಓಡಾಡುತ್ತಲೇ ಉಳಿಯಿತು. ಮುಳಗುಂದದ ಬಸ್ಸಿನಲ್ಲಿ ಯಾರೋ ಅದನ್ನು ಅವರ ಹೆಂಡತಿಗೇ ಹೇಳಿದರಂತೆ. ಅಚ್ಚಾದ ತಪ್ಪನ್ನಾದರೆ ನಾನು ತಿದ್ದಬಲ್ಲೆ, ಬಾಯಿಂದ ಬಾಯಿಗೆ ಹೋಗುವ ತಪ್ಪಿಗೆ ಪ್ರೂಫ್ ಎಲ್ಲಿದೆ?

ದವಾಖಾನೆಗೆ ನೋಡಲು ಹೋದಾಗ ನಾನು ಅತ್ತದ್ದು ಕಂಡು ಚಾಚಾ, “ಕೈ ಹೋತು ಅನಬ್ಯಾಡವ್ವಾ. ಐತಿ. ಸುಮ್ಮ ಕುಂತೈತಿ ಅಷ್ಟ” ಎಂದಿದ್ದರು. ಗಾಯ ಮಾಯುವುದಕ್ಕೆ ಬೇಸಿಗೆ ಬಂತು. ಮಾಯ್ದ ಮೇಲೆ ಬೆರಳುಗಳು ಒಳಕ್ಕೆ ಬಾಗಿ ಹಾಗೇ ನಿಂತವು. ಒಂದು ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವರು ಮಿಷನ್ನಿನ ಎದುರು ನಿಂತು ಮೆಲ್ಲಗೆ ಪಾದ ತುಳಿದರು. ಬಾಯಿ ತೆರೆಯಿತು. ಬಲಗೈಯಲ್ಲಿ ಹಾಳೆ ಎತ್ತಿದರು, ಎರಡು ಬಂದವು, ಬೆರಳಿಗೆ ತಿಳಿಯಲಿಲ್ಲ. ಇಡುವಷ್ಟರಲ್ಲಿ ಹಾಳೆ ಜಾರಿ ಬಿತ್ತು, ಬಾಯಿ ಖಾಲಿ ಮುಚ್ಚಿತು. ಮತ್ತೊಮ್ಮೆ ಮಾಡಿದರು. ಆಮೇಲೆ ಬಗ್ಗಿ ಬಿದ್ದ ಹಾಳೆಗಳನ್ನು ಎಡಗೈಯಿಂದ ಆರಿಸಿ ಒಟ್ಟಿ, ಮಿಷನ್ನಿನ ಮೈ ತಟ್ಟಿ, ತಮ್ಮ ಹೊಸ ಜಾಗಕ್ಕೆ ಹೋಗಿ ಕೂತರು. ಬಾಗಿಲ ಹತ್ತಿರದ ಸ್ಟೂಲು ಅದು. ಬಂದವರಿಗೆ ಕುಂಡ್ರಿ ಎನ್ನುವುದು, ಚಹಾ ಹೇಳುವುದು ಅವರ ಕೆಲಸವಾಗಿತ್ತು.

ಮುಂದಿನ ಖಂಡೇಪೂಜೆ ಬಂತು. ಪೆಟ್ರೋಲು ತರಿಸಲಿಲ್ಲ, ಅಷ್ಟರಮಟ್ಟಿಗೆ ಬುದ್ಧಿ ಬಂದಿತ್ತು. ಹಿತ್ತಿಲ ಬಾಗಿಲ ಎದುರಿನ ರೀಮುಗಳನ್ನೂ ನನ್ನ ಕಾಟ ತಡೆಯಲಾರದೆ ತೆಗೆಸಿದ್ದರು. ಹೊಸ ಸಿಲಿಂಡರ್ ಬಂದಿತ್ತು, ಹಳೆಯದಕ್ಕಿಂತ ದೊಡ್ಡದು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅದು ಎಲ್ಲಿತ್ತು ಗೊತ್ತೇ? ಪೂಜೆಯ ಮೇಜಿನ ಮೇಲೆ. ಈ ಸಲ ಕತ್ತರಿ, ದಬ್ಬಳಗಳ ಸಂದಿಯಲ್ಲಲ್ಲ, ನಟ್ಟನಡುವೆ. ನಮ್ಮನ್ನು ಕಾಯ್ದದ್ದು ಇದೇ ಅಲ್ಲವೇ ಎಂದು ಅದಕ್ಕೆ ಎಲ್ಲಕ್ಕಿಂತ ದೊಡ್ಡ ಮಾಲೆ, ವಿಭೂತಿ, ಅರಿಶಿಣದ ದಾರ.

ನಾನು ಹೋಗಿ ಮೇಜಿನ ಪಕ್ಕದಲ್ಲೇ ನಿಂತೆ. ಅತಿಥಿಗಳು ಬಂದರು, ಅವ್ವಾರು ಬಂದರು, ದೀಪ ಹಚ್ಚಿದರು. ಮೊದಲ ಮಾಲೆ ಹಾಕಲು ಚಾಚಾನನ್ನು ಕರೆದರು. ಅವರು ತಲೆಗೆ ಕರವಸ್ತ್ರ ಕಟ್ಟಿಕೊಂಡು ಸ್ಟೂಲಿನಿಂದ ಎದ್ದರು. ಮಿಷನ್ನಿನ ಹತ್ತಿರ ಹೋಗಲಿಲ್ಲ. ನೇರ ಮೇಜಿಗೆ ಬಂದು, ಎಡಗೈಯಿಂದ ಮಾಲೆ ಸರಿಸಿ, ದಾರ ಬಿಚ್ಚಿ, ಸಿಲಿಂಡರನ್ನು ಎಡಗೈಯಲ್ಲಿ ಎತ್ತಿ ಬಲ ಮೊಣಕೈಯ ಆಸರೆ ಕೊಟ್ಟು ಎದೆಗೆ ಹಿಡಿದುಕೊಂಡರು. “ಏ, ಪೂಜಿ ಆದದ್ದು” ಎಂದು ಮಾಲಕರು ಬಾಯಿ ತೆಗೆದರು. ಚಾಚಾ ಅವರ ಕಡೆ ತಿರುಗಿ ಸುಮ್ಮನೆ ನೋಡಿದರು. ಒಂದು ವರ್ಷ ಆ ಮನುಷ್ಯ ಯಾರಿಗೂ ಒಂದು ಮಾತು ಅಂದಿರಲಿಲ್ಲ, ಅವತ್ತೂ ಅನ್ನಲಿಲ್ಲ. ಮಾಲಕರು ದಾರಿ ಬಿಟ್ಟರು.

ನನ್ನ ಎದುರಿಗೆ ಬಂದು ನಿಂತರು.

“ಪೂಜಿ ಮುಗಿಯೂ ಮಟಾ ಇದನ್ನ ಹಿಡ್ಕೊಂಡು ನಿಂದ್ರವ್ವಾ” ಎಂದರು. “ನನ್ನ ಕೈಲೆ ಎತ್ತಾಕ ಆಗತೈತಿ. ಒತ್ತಾಕ ಆಗೂದಿಲ್ಲ.”

ನಾನು ತೆಗೆದುಕೊಂಡೆ. ಕೂಸನ್ನು ಎತ್ತಿಕೊಂಡಂತೆ ಸೊಂಟಕ್ಕೆ ಹಿಡಿದು, ಒಂದು ಕೈ ಪಿನ್ನಿನ ಮೇಲೆ ಇಟ್ಟು, ಕರ್ಪೂರದ ತಟ್ಟೆಯ ಮೇಲೆ ಕಣ್ಣು ನೆಟ್ಟು ನಿಂತೆ. ಚಾಚಾ ಹೋಗಿ ಎಡಗೈಯಿಂದ ಮಿಷನ್ನಿಗೆ ಮಾಲೆ ಹಾಕಿದರು. ಮಾಲಕರು ಆರತಿ ಎತ್ತಿದರು. ತಟ್ಟೆ ಒಬ್ಬರಿಂದ ಒಬ್ಬರಿಗೆ ಬಂದು ಕೊನೆಗೆ ಅವ್ವಾರ ಕೈಯಲ್ಲಿ ನನ್ನ ಎದುರಿಗೆ ನಿಂತಿತು.

“ಆರತಿ ತಗೋಳವ್ವಾ” ಎಂದರು ಅವರು.

“ಕೈ ಖಾಲಿ ಇಲ್ರಿ, ಅವ್ವಾರ” ಎಂದೆ.